ಫಿಂಕ್ ನದಿಯಲ್ಲಿ ನೆರಿಡಾಳ ಚಹಾ

ನೆರಿಡಾ ಮರುಭೂಮಿಯ ನಡುವಿನ ಆಲಿಸ್ ಸ್ಪ್ರಿಂಗ್ಸ್ ಊರಿನ ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಲೇ ಮುದುಕಿಯಾದವಳು. ಯಾರದಾದರೂ ಸಹಾಯ ಕೇಳುವುದೆಂದರೆ ಅವಳಿಗೆ ಹಲ್ಲು ಕೀಳಿಸಿಕೊಂಡಷ್ಟು ಹಿಂಸೆ. ಗಂಡ ಕೆನ್ ಜೊತೆ ಪ್ರತಿ ಚಳಿಗಾಲ ಹೋಗುತ್ತಿದ್ದ ತಾಳೆಮರಗಳ ಕಮರಿಗೆ, ಅವನು ತೀರಿಕೊಂಡ ಮೇಲೆ ಈ ಸಲ ಒಬ್ಬಳೇ ಹೊರಟಳು.

“ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ಯೋ, ಕಾರಿನ ಬೀಗದಕೈ ನನ್ಗೆ ಕೊಟ್ಬಿಡ್ಬೇಕು,” ಎಂದು ಮಗಳು ಲೋರ್ನಾ ಮೊದಲೇ ಹೇಳಿದ್ದಳು.

ಕಮರಿಯ ದಾರಿ ಫಿಂಕ್ ನದಿಯನ್ನು ದಾಟಿ ಹೋಗುತ್ತದೆ. ನದಿಯಲ್ಲಿ ನೀರಿಲ್ಲ, ಬರೀ ಮರಳು. ಚಕ್ರ ಹೂಳದಿರಲು, ಇಳಿಯುವ ಮೊದಲು ಟೈರಿನ ಗಾಳಿ ಕಡಿಮೆ ಮಾಡಬೇಕು. ಅದು ಯಾವತ್ತೂ ಕೆನ್‌ನ ಕೆಲಸ, ಅಷ್ಟರಲ್ಲಿ ಚಹಾ ಕಾಸುವುದು ಇವಳದು. ಈ ಸಲವೂ ತನ್ನ ಪಾಲಿನದನ್ನು ಮಾತ್ರ ಮಾಡಿ, ಚಹಾ ಕುಡಿದು, ನದಿಗಿಳಿದಳು. ನಡುವೆ ಹಿಂದಿನ ಚಕ್ರಗಳು ಹೂತುಹೋದವು.

ಹಳೆಯ ಕಾರೊಂದು ಬಂದು ನಿಂತಿತು. ಒಳಗಿದ್ದವರು ಆ ನದಿದಡದ ಮೂಲನಿವಾಸಿಗಳಾದ ಅರಂಡ ಜನರ ಹರ್ಮೀನಾ ಮತ್ತು ಅವಳ ತಮ್ಮ.

“ಏನಮ್ಮಾ, ಎಲ್ಲಾ ಸರಿಯಿದ್ಯಾ?” ಎಂದಳು ಹರ್ಮೀನಾ.

“ಸರಿಯಿದೆ, ಸರಿಯಿದೆ. ಸುಮ್ನೆ ಚಹಾಕ್ಕೆ ನಿಂತೆ. ನೀವು ಹೋಗಿ.”

ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತ್ತು. ಈ ಕಡೆ ಕಾಲು ಮುರಿದುಕೊಂಡವರೂ ಹೇಳುವುದು ಅದನ್ನೇ. ಕಾರು ಹೊರಟುಹೋದ ಮೇಲೆ ನೆರಿಡಾ ತನ್ನನ್ನು ತಾನೇ ಬೈದುಕೊಳ್ಳುತ್ತಾ ಊಟದ ತಟ್ಟೆಯಿಂದ ಮರಳು ತೋಡಿದಳು. ತೋಡಿದಷ್ಟೂ ಜಾರಿ ಬಂತು. ಬೇರೆ ಗಾಡಿಯ ಸುಳಿವೇ ಇಲ್ಲ. ಹೇಳಿದ ಹೊತ್ತಿಗೆ ವಾಪಸಾಗದಿದ್ದರೆ ಲೋರ್ನಾ ಪೊಲೀಸರನ್ನು ಕಳಿಸುವುದು ಖಂಡಿತ. ಅಲ್ಲಿಗೆ ಕಾರೂ ಕಮರಿಯೂ ಎರಡೂ ಕೈಬಿಟ್ಟುಹೋದ ಹಾಗೆ.

ಬಿಸಿಲು ಇಳಿಯುವ ಹೊತ್ತಿಗೆ ಅದೇ ಹಳೆಯ ಕಾರು ವಾಪಸು ಬಂತು.

“ಇನ್ನೂ ಮುಗೀಲಿಲ್ವಾ ಚಹಾ?” ಎಂದಳು ಹರ್ಮೀನಾ.

ಸರಿಯಿದೆ ಎಂಬುದು ಮತ್ತೆ ತುದಿನಾಲಿಗೆಗೆ ಬಂದಿತ್ತು. ನೆರಿಡಾ ಅದನ್ನು ನುಂಗಿಕೊಂಡಳು. “ಇಲ್ಲಮ್ಮ, ಸರಿಯಿಲ್ಲ. ಹೂತ್ಕೊಂಡಿದೀನಿ,” ಎನ್ನುತ್ತಾ ಅತ್ತುಬಿಟ್ಟಳು.

“ಆಗ್ಲೇ ಕಂಡಿತ್ತು. ಹೋಗಿ ಅಂದ್ರಲ್ಲ ಅಂತ ಹೋದೆ. ಮನಸ್ಸು ತಡೀಲಿಲ್ಲ.”

ತಮ್ಮ ನಗುತ್ತಾ ಗಾಳಿ ಇಳಿಸಿದ. ಅಕ್ಕ ತಮ್ಮ ಇಬ್ಬರೂ ತೋಡಿ ತಳ್ಳಿದರು, ಕಾರು ಮೇಲೆದ್ದು ಬಂತು. ಹರ್ಮೀನಾ ತನ್ನ ಸಲಿಕೆಯನ್ನು ಅವಳ ಕಾರಿಗೆ ಹಾಕಿದಳು. “ಇಟ್ಕೊಳ್ಳಿ. ತಟ್ಟೆ ಊಟಕ್ಕಿರ್ಲಿ.”

ಆ ಸಂಜೆ ಮೂವರೂ ಕಮರಿಗೆ ಹೋಗಿ, ತಾಳೆಮರಗಳ ಕೆಳಗೆ ಕೂತು ನೆರಿಡಾಳ ಚಹಾ ಕುಡಿದರು. ಕೆನ್ ಹೋದ ಮೇಲೆ ಅಷ್ಟು ಹಗುರಾಗಿ ಅವಳು ಉಸಿರಾಡಿರಲಿಲ್ಲ. ಇವರ ಋಣ ಹೇಗೆ ತೀರಿಸಲಿ ಎಂದು ರಾತ್ರಿಯೆಲ್ಲ ಅನ್ನಿಸುತ್ತಿತ್ತು.

ಮರುದಿನ ವಾಪಸು ಬರುವಾಗ ಅದೇ ಮರಳಲ್ಲಿ ಹೊಸ ಬಿಳಿ ಗಾಡಿಯೊಂದು ವಾಲಿ ನಿಂತಿತ್ತು. ಪಕ್ಕದಲ್ಲೊಬ್ಬ ಮುದುಕ, ಕೈಯಲ್ಲಿ ಚಹಾದ ಲೋಟ.

“ಎಲ್ಲಾ ಸರಿಯಿದೆ, ನೀವು ಹೋಗಿ,” ಎಂದ.

ನೆರಿಡಾ ಎಂಜಿನ್ ಆರಿಸಿ, ಹರ್ಮೀನಾಳ ಸಲಿಕೆ ಹಿಡಿದು ಕೆಳಗಿಳಿದಳು.

“ಬೀಗದಕೈ ಕೇಳಿರೋದು ಯಾರು? ಮಗನೋ, ಮಗಳೋ?”