ವಾರಂಟಿಗೆ ಕಾಯಿ ಒಡೆದದ್ದು

ಗೆಳೆಯರೇ, ನಿನ್ನೆ ರಾಯಚೂರಿನ ಅಂಗಡಿಯಿಂದ ತಂದ ಹೊಸ ಗೇಮಿಂಗ್ ಕಂಪ್ಯೂಟರನ್ನು ಇಂದು ಮಾನ್ವಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅದೇ ಅಂಗಡಿಗೆ ವಾಪಸು ಒಯ್ದೆ. ಮನೆಯಲ್ಲಿ ಅದು ಶುರುವಾಗಲೇ ಇಲ್ಲ. ಒಂದೊಂದೇ ಭಾಗ ಆರಿಸಿ ಅದನ್ನು ಕಟ್ಟಿಸಿದ್ದು ಮಗಳು. ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿ ಬಹಳ ಕಾಲವಾಗಿದೆ. ಈ ರಜೆಯಲ್ಲಿ ಅವಳೇ "ಅಪ್ಪಾ, ಇಬ್ರೂ ಕೂಡಿ ಆಡೂಣು" ಎಂದಿದ್ದಳು. ನಾಳೆ ಹಾಸ್ಟೆಲ್ಲಿಗೆ ಮರಳುತ್ತಾಳೆ.

ಅಂಗಡಿಯವ ಬಿಚ್ಚಿ ನೋಡಿದ. "ಒಳಗ ನೀರು ಹೋಗ್ಯಾವ್ರೀ. ವಾರಂಟಿ ಬರಂಗಿಲ್ಲ."

"ನಿನ್ನಿ ಪೂಜಿ ಮಾಡಿ ಇದರ ಮ್ಯಾಲೆ ಕಾಯಿ ಒಡದವ್ರು ನೀವಾ ಅಲ್ರೀ?"

"ಹೌದ್ರೀ. ಎಲ್ಲಾ ಗಿರಾಕಿಗೂ ಮಾಡತೀವಿ. ಅರ್ಧ ಹೋಳು ನಿಮಗೂ ಕೊಟ್ಟೀನಲ್ರೀ."

ಕಂಪನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಆ ಕಡೆಯ ಹುಡುಗಿ ಏನು ಚೆಲ್ಲಿದೆ ಎಂದು ಕೇಳಿದಳು. ಕಾಯಿ ನೀರು ಎಂದೆ. "ಪಾನೀಯ ಅಂತ ಬರೆದುಕೊಳ್ತೀನಿ ಸರ್. ಅದು ಗ್ರಾಹಕರ ತಪ್ಪಾಗುತ್ತೆ."

"ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದ ಅಂಗಡಿಯವ. "ಇಲ್ಲೇ ಬಿಟ್ಟು ಹೋಗ್ರಿ. ರಿಪೇರಿ ಆದ ಮ್ಯಾಲೆ ಇನ್ನೊಂದು ಕಾಯಿ ಒಡದು ಕೊಡತೀನಿ."

ಬರಿಗೈಯಲ್ಲೇ ಮನೆಗೆ ಬಂದೆ. ಮಗಳು ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು. ಊಟಕ್ಕೆ ಆ ಅರ್ಧ ಹೋಳಿನ ಚಟ್ನಿ ಇತ್ತು.

"ಉಪ್ಪು ಕಡಿಮಿ ಆಗೇದ," ಎಂದಳು.

"ಹೌದು," ಎಂದೆ.

ಇಷ್ಟಾದರೂ ಮಾತಾಡಿದೆವು. ಪೂಜೆ ಪೂರ್ತಿ ವ್ಯರ್ಥವಾಯಿತು ಎನ್ನಲಾರೆ.