ವೆದರ್ಬಿ ಹಡಗಿನ ತಡವಾದ ದೋಣಿ

ಎರಡನೇ ಮಹಾಯುದ್ಧ ಮುಗಿದು ಹದಿನೈದು ವರ್ಷಗಳ ಮೇಲೆ ‘ವೆದರ್ಬಿ’ ಹಡಗಿನ ಹಳಬರು ಅಮೆರಿಕದ ಬಂದರು ಪಟ್ಟಣ ಆಸ್ಟೋರಿಯಾದಲ್ಲಿ ಸೇರಿದ್ದರು. ಸೈನಿಕರನ್ನು ಪೆಸಿಫಿಕ್ ದ್ವೀಪಗಳಿಗೆ ಸಾಗಿಸಿದ ಹಡಗು ಅದು. ಅದರ ಅಧಿಕಾರಿಯಾಗಿದ್ದ ಲೂಮಿಸ್ ಬರೆದು ಹಂಚಿದ ಹಡಗಿನ ಚರಿತ್ರೆಯನ್ನು ಮೀನುಗಾರ ಹಾರ್ಲನ್ ಟ್ವೈಟ್ ನಿಂತಲ್ಲೇ ಓದಿ ಮುಗಿಸಿದ. ಎಷ್ಟು ಮೈಲಿ ಓಡಿತು, ಯಾವ ಬಂದರಿನಲ್ಲಿ ಬಣ್ಣ ಬಳಿಸಿಕೊಂಡಿತು, ಎಲ್ಲವೂ ಇತ್ತು. ಕಪ್ತಾನನ ನಾಯಿಗೆ ಒಂದಿಡೀ ಪುಟ. ದಾಳಿಯ ದಿನಕ್ಕೆ ಮಾತ್ರ ಒಂದೇ ಸಾಲು: ಪಡೆಗಳು ಸುರಕ್ಷಿತವಾಗಿ ದಡ ಸೇರಿದವು, ಒಂದು ದೋಣಿ ತಡವಾಗಿ ಮರಳಿತು.

ಸೈನಿಕರನ್ನು ಹಡಗಿನಿಂದ ದಡಕ್ಕೆ ಮುಟ್ಟಿಸುವ ಆ ದೋಣಿಯನ್ನು ನಡೆಸಿದವನು ಹಾರ್ಲನ್. ಅಂದು ಸಮುದ್ರ ಇಳಿದು ಹವಳದ ದಿಬ್ಬ ಅಡ್ಡ ಬಂದಿತ್ತು. ಹಡಗಿನಲ್ಲಿ ಕಾಫಿ ಹೀರುತ್ತ ಕೂತಿದ್ದ ಲೂಮಿಸ್, ಅಲ್ಲೇ ದೋಣಿಯ ಮುಂಬಾಗಿಲು ಕೆಡವಿ ಜನರನ್ನು ಇಳಿಸಿ ಬನ್ನಿ ಎಂದು ರೇಡಿಯೋದಲ್ಲಿ ಅಪ್ಪಣೆ ಕೊಟ್ಟ. ಮುಂದಿನ ದೋಣಿಯ ಡೆಲ್ ಪ್ರುಯಿಟ್ ಹಾಗೇ ಮಾಡಿದ. ಬೆನ್ನಿನ ಹೊರೆಯ ಸಮೇತ ಸೈನಿಕರು ಕಲ್ಲಿನಂತೆ ಮುಳುಗಿದರು. ಡೆಲ್ ಚುಕ್ಕಾಣಿ ಬಿಟ್ಟು ಹಾರಿ ನಾಲ್ವರನ್ನು ದೋಣಿಗೆ ಎಳೆದುಕೊಂಡ. ಅದನ್ನು ಕಂಡ ಹಾರ್ಲನ್ ರೇಡಿಯೋ ಬಂದ್ ಮಾಡಿದ. ಗುಂಡುಗಳ ನಡುವೆ ಮುಕ್ಕಾಲು ಗಂಟೆ ದಿಬ್ಬದಲ್ಲಿ ಸಂದು ಹುಡುಕಿ, ತನ್ನ ದೋಣಿಯ ಮೂವತ್ತಾರು ಜನರನ್ನೂ ಮೊಣಕಾಲುದ್ದದ ನೀರಿನಲ್ಲಿ ಇಳಿಸಿದ. ಅದಕ್ಕೆ ಸಿಕ್ಕ ಬಹುಮಾನ, ದರ್ಜೆ ಕಳೆದುಕೊಂಡು ಯುದ್ಧ ಮುಗಿಯುವತನಕ ಆಲೂಗಡ್ಡೆ ಸುಲಿದದ್ದು.

ಡೆಲ್ ಕುಡಿದು ಕುಡಿದು ಸತ್ತು ಎರಡು ವರ್ಷವಾಗಿತ್ತು. ಅವನ ಹೆಂಡತಿ ವೀಡಾ ಹಾರ್ಲನ್ ಪಕ್ಕದಲ್ಲೇ ನಿಂತು ಗಂಡನ ಹೆಸರಿಗಾಗಿ ಪುಟ ತಿರುವುತ್ತಿದ್ದಳು. ಲೂಮಿಸ್ ಹೊಟ್ಟೆ ಮುಂದೆ ಮಾಡಿಕೊಂಡು ಹಾರ್ಲನ್ ಬಳಿ ಬಂದ.

“ಚೆನ್ನಾಗಿ ಬಂದಿದೆ ಅಲ್ವೇನಯ್ಯಾ?”

“ನಾಯಿ ಪುಟ ಚೆನ್ನಾಗಿದೆ ಸರ್. ಅದಾದ್ರೂ ಒಂದ್ಸಲ ನೀರಿಗಿಳಿದಿತ್ತು. ಡೆಲ್ ಹೆಸರೆಲ್ಲಿ?”

“ಎಲ್ರ ಹೆಸರೂ ಹಾಕಕ್ಕಾಗತ್ತಾ? ಈಯಮ್ಮನ ಮುಂದೆ ಹಳೇದೆಲ್ಲ ಯಾಕೆ ಕೆದಕ್ತೀಯ?”

“ಈಯಮ್ಮನ ಮುಂದೇನೇ ಕೇಳ್ತೀನಿ. ಅಲ್ಲಿ ನೀರು ಎಷ್ಟು ಆಳ ಇದೆ ಅಂತ ನೀವು ಯಾರನ್ನಾದ್ರೂ ವಿಚಾರಿಸಿದ್ರಾ?”

ಲೂಮಿಸ್ ಗಡಿಯಾರ ನೋಡಿಕೊಂಡು ಬೇರೆ ಮೇಜಿನ ಕಡೆ ಜಾರಿದ. ಹಾರ್ಲನ್ ಅವನ ಬೆನ್ನನ್ನೇ ಹೇಸಿಗೆ ಕಂಡವನಂತೆ ನೋಡಿದ. ಆಮೇಲೆ ವೀಡಾಳನ್ನು ಕೂರಿಸಿಕೊಂಡು ಆ ಬೆಳಗನ್ನು ಮೊದಲಿಂದ ಕಡೆತನಕ ಹೇಳಿದ.

“ನಾಲ್ಕು ಜನಾನಾ?” ಅವಳು ಎರಡು ಸಲ ಕೇಳಿದಳು. “ನಂಗೆ ಒಂದಿನಾನೂ ಹೇಳ್ಲಿಲ್ಲ. ಮುಳುಗಿದೋರ ಮಾತೇ ಆಡ್ತಿದ್ದ.”

ಮರುವರ್ಷ ಚರಿತ್ರೆಯ ಹೊಸ ಮುದ್ರಣ ಅಂಚೆಯಲ್ಲಿ ಬಂತು. ಡೆಲ್ ಹೆಸರು ಅದರಲ್ಲೂ ಇರಲಿಲ್ಲ. ತಡವಾದ ದೋಣಿಯೂ ಮಾಯ. ಲೂಮಿಸ್‌ನ ಹೊಸದೊಂದು ಫೋಟೋ ಸೇರಿತ್ತು. ಹಾರ್ಲನ್ ಆ ಪುಸ್ತಕವನ್ನು ಮೀನಿಗೆ ಹೊಗೆ ಹಾಕುವ ಒಲೆಗೆ ತುರುಕಿ ಕಡ್ಡಿ ಗೀರಿದ.