ಜಮಖಾನ ಹೊದಿಸಿದ ಸ್ಪೋರ್ಟ್ಸ್ ಕಾರು

ನನ್ನ ಮೈದುನ ಮೊದಲು ತನ್ನ ತಾಯಿಯನ್ನು ನಮ್ಮಲ್ಲಿ ಬಿಟ್ಟುಹೋದ. ಕೆಲವು ವರ್ಷಗಳ ಮೇಲೆ ಒಂದು ಕಾರನ್ನೂ ಬಿಟ್ಟುಹೋದ. ಎರಡು ಸಲವೂ ಅವನು ಹೇಳಿದ ಮಾತು ಒಂದೇ: "ಸ್ವಲ್ಪ ದಿನ ಅತ್ತಿಗೆ, ಆಮೇಲೆ ನಾನು ಕರ್ಕೊಂಡು ಹೋಗ್ತೇನೆ." ಕಾರನ್ನು ಯಾರಾದರೂ ಕರೆದುಕೊಂಡು ಹೋಗುತ್ತಾರೆಯೇ? ಹೋಗಲಿ, ತಾಯಿಯನ್ನಾದರೂ ಕರೆದುಕೊಂಡು ಹೋದನೇ? ಅದೂ ಇಲ್ಲ.

ಅವನಿರುವುದು ಖಾರ್‌ಘರ್‌ನ ದೊಡ್ಡ ಟವರಿನಲ್ಲಿ. ನಾವಿರುವುದು ಡೊಂಬಿವಲಿಯಲ್ಲಿ, ಎಂಐಡಿಸಿಯ ಫ್ಯಾಕ್ಟರಿಗಳಿಗೆ ತಾಗಿದ ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ. ಗಾಳಿ ಈ ಕಡೆ ತಿರುಗಿದ ದಿನ ಕಿಟಕಿ ಮುಚ್ಚಿ ಕೂರಬೇಕು, ಇಲ್ಲವಾದರೆ ಸಾರಿಗೂ ಕೆಮಿಕಲ್ಲಿನ ವಾಸನೆ. ನನ್ನ ಗಂಡನದು ಸ್ಟೇಷನ್ ಹತ್ತಿರ ವೆಜ್ ಹೋಟೆಲು. ಉಡುಪಿ ಕಡೆಯ ಹೋಟೆಲಿನವರ ಮನೆಯಲ್ಲಿ ಗಂಡಸು ಎಂದರೆ ಬಾಗಿಲ ಹಿಂದೆ ತೂಗುಹಾಕಿದ ಒಂದು ಅಂಗಿ, ಅಷ್ಟೇ. ಬೆಳಿಗ್ಗೆ ಇಡ್ಲಿಯ ಹೊತ್ತಿಗೆ ಹೋದವರು ಕೊನೆಯ ಗಿರಾಕಿ ಕೈ ತೊಳೆದ ಮೇಲೇ ಬರುವುದು.

ಮೊದಲು ನಾನು ಹೀಗೆ ಮನೆಯೊಳಗೆ ಕೂತವಳಲ್ಲ. ಹುಟ್ಟಿದ್ದು, ಓದಿದ್ದು ಕಲ್ಯಾಣದಲ್ಲಿ. ಮದುವೆಯಾದ ಮೇಲೆ ಡ್ರೈವಿಂಗ್ ಕಲಿತು, ಕಲ್ಯಾಣದ ಮಾರ್ಕೆಟ್ಟಿನಿಂದ ಹೋಟೆಲಿಗೆ ತರಕಾರಿ ತರುವ ವ್ಯಾನನ್ನು ನಾನೇ ಓಡಿಸುತ್ತಿದ್ದೆ. ಟೊಮೆಟೊ ಕ್ರೇಟಿನ ಲೆಕ್ಕದಲ್ಲಿ ಮೋಸ ಮಾಡಲು ಬಂದವರ ಕಿವಿಯಲ್ಲಿ ಗುಂಯ್ ಅನ್ನುವಂತೆ ಜಗಳ ಆಡುತ್ತಿದ್ದೆ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದೇ ಸರಿ, ನನ್ನ ತಿರುಗಾಟ ಮುಗಿಯಿತು. ಮೂಳೆ ಕೂಡಿತು, ವಾಕರ್ ಹಿಡಿದು ನಡೆದಾಡಲೂ ಬಂತು. ಆದರೆ ಒಬ್ಬರೇ ಇರುವ ಧೈರ್ಯ ಮಾತ್ರ ವಾಪಸ್ ಬರಲಿಲ್ಲ. ನಾನು ಕೊತ್ತಂಬರಿ ತರಲು ಕೆಳಗಿಳಿದರೂ ಹಿಂದಿನಿಂದ ಕೂಗು: "ಯಾವಾಗ ಬರ್ತಿ?"

ಬದಲಾಪುರದಲ್ಲಿ ನನ್ನ ಅಕ್ಕ ಇದ್ದಾಳೆ. ಲೋಕಲ್ ಹತ್ತಿದರೆ ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ. ಅವಳ ಮನೆಯಲ್ಲಿ ಒಂದು ರಾತ್ರಿ ಉಳಿದು ವರ್ಷಗಳಾಗಿದ್ದವು. ನನಗೆ ಕಾಶಿ ಬೇಡ, ಗೋವಾ ಬೇಡ. ಬಾಗಿಲು ಎಳೆದುಕೊಂಡು ಹೊರಟಾಗ ಯಾವಾಗ ಬರ್ತಿ ಎಂದು ಯಾರೂ ಕೇಳಬಾರದು. ಅಷ್ಟೇ ಬೇಕಾಗಿದ್ದದ್ದು.

ಹೀಗಿರುವಾಗ ಬಂತು ಆ ಕಾರು. ಎರಡು ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ನಿಂತ ಕೆಂಪು ಸ್ಪೋರ್ಟ್ಸ್ ಕಾರು. ಮೈದುನ ಯಾರದೋ ಗೋಡೌನಿನಿಂದ ತಂದು, ಕಲ್ಯಾಣದ ಮೆಕ್ಯಾನಿಕ್ಕಿನ ಹತ್ತಿರ ಎಂಜಿನ್ ಮಾಡಿಸಿ, ಹೊರಗೆ ಪೇಂಟ್ ಹೊಡೆಸಿದ್ದ. ಒಳಗೆ ಮಾತ್ರ ಸ್ಮಶಾನ. ಇಲಿ ಗೂಡು ಕಟ್ಟಿದ ಸ್ಪಂಜು, ಜೋತುಬಿದ್ದ ಚಾವಣಿ ಬಟ್ಟೆ, ನೀರು ಕುಡಿದು ಉಬ್ಬಿದ ಬಾಗಿಲ ಹಲಗೆ. ಸೀಟಿನ ಚರ್ಮವಂತೂ ಹಳೇ ಹಪ್ಪಳದ ಹಾಗೆ, ಮುಟ್ಟಿದರೆ ಚೂರು. ತನ್ನ ಟವರಿನಲ್ಲಿ ಎರಡನೇ ಗಾಡಿಗೆ ಜಾಗವಿಲ್ಲವೆಂದು ನಮ್ಮ ಕಟ್ಟಡದ ಕೆಳಗೆ ನಿಲ್ಲಿಸಿ ಹೋದ.

ನನಗೆ ಹೊಲಿಗೆ ಗೊತ್ತು. ಬ್ಲೌಸು, ಫಾಲ್, ಹೋಟೆಲಿನ ಬೆಂಚಿನ ರೆಕ್ಸಿನ್ ಎಲ್ಲ ನನ್ನ ಮೆಷಿನ್ನಿನಲ್ಲೇ ಆಗುವುದು. ಅದನ್ನು ನೆನೆದು ಮೈದುನ ಒಂದು ದಿನ ಫೋನಿನಲ್ಲಿ, "ಅತ್ತಿಗೆ, ಒಳಗಿನ ಕೆಲಸ ನೀವು ಮಾಡಿ ಕೊಡ್ತೀರಾ? ಹೊರಗಿನವರ ಕೈಗೆ ಕೊಡಲಿಕ್ಕೆ ಮನಸ್ಸಿಲ್ಲ," ಎಂದ.

"ಮಾಡಿದ್ರೆ ನನಗೆಂಥ ಸಿಗ್ತದೆ?" ಎಂದೆ. ನಾಚಿಕೆ ಯಾಕೆ?

"ನಿಮಗೆಂಥ ಬೇಕು ಹೇಳಿ."

"ಎರಡು ತಿಂಗಳು ಅಮ್ಮನನ್ನು ನೀನು ಇಟ್ಕೊ."

"ಆಯ್ತು ಅತ್ತಿಗೆ. ಕಾರು ತಂದುಕೊಡಿ, ಅಮ್ಮನನ್ನೂ ಅದರಲ್ಲೇ ಕರ್ಕೊಂಡು ಬನ್ನಿ," ಎಂದ. ನಾನು ಫೋನಿಟ್ಟು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ.

ಕೆಲಸ ಶುರುವಾಯಿತು. ಮಧ್ಯಾಹ್ನ ಅತ್ತೆ ಊಟ ಮಾಡಿ ಮಲಗಿದ ಕೂಡಲೇ ಸ್ಪ್ಯಾನರ್ ಹಿಡಿದು ಕೆಳಗಿಳಿಯುತ್ತಿದ್ದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಬೈದು, ಒದ್ದು ಸಡಿಲ ಮಾಡಿದೆ. ನಮ್ಮ ಕಿಟಕಿ ಕಾರಿನ ನೆತ್ತಿಯ ಮೇಲೇ. ಅತ್ತೆಗೆ ಎಚ್ಚರವಾದರೆ ದೇವರ ಮುಂದಿನ ಗಂಟೆ ತಂದು ಕಿಟಕಿಯಲ್ಲಿ ಬಾರಿಸುತ್ತಿದ್ದರು. ಒಮ್ಮೆ ಬಾರಿಸಿದರೆ ನೀರು, ಬಿಡದೆ ಬಾರಿಸಿದರೆ ಬರಿದೇ ಹೆದರಿಕೆ. ಮೊದಮೊದಲು ಪಕ್ಕದ ಮನೆಯವರು ಆರತಿ ಅಂದುಕೊಂಡು ಕೈ ಮುಗಿಯುತ್ತಿದ್ದರು. ನಾನು ಮೇಲೆ ಹೋಗಿ, ಇಳಿದು, ಮತ್ತೆ ಮೇಲೆ ಹೋಗಿ, ಮೆಟ್ಟಿಲಲ್ಲಿ ಹಲ್ಲು ಕಡಿಯುತ್ತ ಆ ಸೀಟುಗಳನ್ನು ಬಿಚ್ಚಿದೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಸೊಸೈಟಿಯ ಸೆಕ್ರೆಟರಿ ಛತ್ರಿ ಹಿಡಿದು ಬಂದು, "ವಹಿನಿ, ಹೇ ಕಾಯ್, ಏನು ನಡೆಸಿದ್ದೀರಿ ಇಲ್ಲಿ? ಇದು ಪಾರ್ಕಿಂಗ್, ಗ್ಯಾರೇಜ್ ನಾಹೀ," ಎಂದರು. ಇನ್ನು ಹೊಲಿಗೆ, ಸ್ಪಂಜು ಎಲ್ಲ ಮನೆಯಲ್ಲೇ ಆಗಬೇಕು. ವಾಚ್‌ಮನ್ ಒಂದು ಕಡೆ, ನಾನು ಒಂದು ಕಡೆ ಹಿಡಿದು ಸೀಟನ್ನು ಬಾಗಿಲಿನವರೆಗೆ ತಂದೆವು. ಹೊಸ್ತಿಲಲ್ಲಿ ಅತ್ತೆ, ವಾಕರ್ ಅಡ್ಡ ಇಟ್ಟು ನಿಂತಿದ್ದರು.

"ಎಂಥದು ಅದು?"

"ಸೀಟು ಅತ್ತೆ, ನಿಮ್ಮ ಮಗನ ಕಾರಿನದ್ದು."

"ಅದು ಚರ್ಮ ಅಲ್ವಾ? ಚರ್ಮ ಒಳಗೆ ಬಂದ್ರೆ ನಾನು ಈ ಮನೆಯಲ್ಲಿ ಉಣ್ಣುದಿಲ್ಲ. ಹೇಳಿದ್ದೇನೆ."

ನಮ್ಮ ಮನೆಯಲ್ಲಿ ಚಪ್ಪಲಿ, ಬೆಲ್ಟು, ಪರ್ಸು ಎಲ್ಲ ಬಾಗಿಲ ಹೊರಗಿನ ಪೆಟ್ಟಿಗೆಯಲ್ಲೇ. ಅತ್ತೆಯ ಮಡಿ ಅಷ್ಟು ಗಟ್ಟಿ. ಕೂರುವ ಜಾಗ ಯಾವುದಾದರೂ ಸರಿ, ಒಗೆಯಲು ಬರುವಂತಿರಬೇಕು. ಬಸ್ಸಿನಲ್ಲಿ ಹೋದರೂ ಸೀಟಿನ ಮೇಲೆ ಹಾಸಲು ಚೀಲದಲ್ಲಿ ಒಂದು ಪಂಚೆ ಇರುತ್ತಿತ್ತು. ನಾನು ಎಷ್ಟು ಹೇಳಿದರೂ ಕೇಳದೆ, ಸೀಟು ಬಾಗಿಲಲ್ಲಿ ಇದ್ದಷ್ಟು ಹೊತ್ತು ಅವರು ನಿಜಕ್ಕೂ ಉಣ್ಣಲಿಲ್ಲ. ಸಂಜೆಯ ಹೊತ್ತಿಗೆ ನನಗೇ ಸುಸ್ತು. ಮೆಟ್ಟಿಲ ಮೇಲೆ ಕೂತು ಹಳೆಯ ಚರ್ಮವನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿದೆ. ತುಂಡುಗಳನ್ನು ಪೇಪರಿನ ಮೇಲಿಟ್ಟು ಗೀಟು ಎಳೆದು ಅಚ್ಚು ತೆಗೆದುಕೊಂಡೆ, ಚರ್ಮವನ್ನು ಕಸದ ಗಾಡಿಗೆ ಹಾಕಿದೆ. ಬರಿಯ ಕಬ್ಬಿಣದ ಚೌಕಟ್ಟು ಒಳಗೆ ಬಂತು, ಅತ್ತೆ ಅನ್ನ ಉಂಡರು.

ಹೊಸ ಚರ್ಮ ತಂದರೂ ಇದೇ ಕಥೆ ಎಂದು ಗೊತ್ತಿತ್ತು. ಮೈದುನನಿಗೆ ಫೋನ್ ಮಾಡಿ, "ಚರ್ಮ ಆಗುದಿಲ್ಲ, ಅಮ್ಮ ಬಿಡುದಿಲ್ಲ, ಬಟ್ಟೆಯಲ್ಲಿ ಮಾಡ್ತೇನೆ," ಎಂದೆ. ಹಿಂದೆ ಯಾರೋ ಇಂಗ್ಲಿಷಿನಲ್ಲಿ ಮೀಟಿಂಗ್ ಮಾಡುತ್ತಿದ್ದರು. "ಹ್ಞಾಂ ಹ್ಞಾಂ ಅತ್ತಿಗೆ, ನೀವು ನೋಡಿ ಮಾಡಿ," ಎಂದ.

ಯಾವ ಬಟ್ಟೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅತ್ತೆಯೇ ಹೇಳಿದರು: "ಅಟ್ಟದ ಟ್ರಂಕಿನಲ್ಲಿ ಜಮಖಾನ ಉಂಟು ನೋಡು. ಸಣ್ಣವನ ಮುಂಜಿಗೆ ತಂದದ್ದು." ತೆಗೆದು ಬಿಡಿಸಿದರೆ ಕೋಣೆ ತುಂಬ ಆಯಿತು. ದಪ್ಪ ಹತ್ತಿ, ಹಸಿರು ಮೈ, ಕೆಂಪು ಪಟ್ಟೆ, ಒಂದು ಎಳೆ ಸವೆದಿಲ್ಲ. ಕತ್ತರಿ ತೆಗೆದವಳು ಅದನ್ನು ಮತ್ತೆ ಮೆಷಿನ್ನಿನ ಮೇಲಿಟ್ಟೆ. "ಹೊಡಿ ಮಾರಾಯ್ತಿ ಕತ್ತರಿ. ಇನ್ನು ಯಾರ ಮುಂಜಿ ಉಂಟು ನಮಗೆ?" ಎಂದರು ಅತ್ತೆ.

ವಿಠ್ಠಲವಾಡಿ ಸ್ಟೇಷನ್ನಿನ ಆಚೆ ಸೋಫಾದವರ ಅಂಗಡಿಯಿಂದ ಗಟ್ಟಿ ಸ್ಪಂಜು ತರಿಸಿದೆ. ನನ್ನ ಬಡಪಾಯಿ ಮೆಷಿನ್ನು ನಾಲ್ಕು ಪದರದ ಜಮಖಾನಕ್ಕೆ ಸೂಜಿ ಮುರಿದು ಮುರಿದು ಹಾಕಿತು. ಮೂಲೆಗಳನ್ನು ಗೋಣಿ ಹೊಲಿಯುವ ದಬ್ಬಣದಲ್ಲಿ ಕೈಯಲ್ಲೇ ಹೊಲಿದೆ. ಕೆಂಪು ಪಟ್ಟೆ ಬೆನ್ನಿನ ನಡುವಿನಿಂದ ಇಳಿದು ಕೂರುವ ಜಾಗದ ನಡುವಿಗೇ ಬರಬೇಕು ಎಂದು ಎರಡು ಸಲ ಬಿಚ್ಚಿದೆ. ಯಾರು ಕೇಳಿದ್ದರು? ಯಾರೂ ಕೇಳಿರಲಿಲ್ಲ. ಕವರಿಗೆ ಜಿಪ್ ಇಟ್ಟೆ, ಬಿಚ್ಚಿ ಒಗೆಯಲು ಬರಲಿ ಎಂದು. ಲೋಕದಲ್ಲಿ ಇನ್ನಾವ ಸ್ಪೋರ್ಟ್ಸ್ ಕಾರಿಗೆ ಮಡಿ ಇದೆಯೋ ನನಗೆ ಗೊತ್ತಿಲ್ಲ. ಉಳಿದ ಬಟ್ಟೆಯನ್ನು ಬಾಗಿಲ ಹಲಗೆಗೆ ಬಿಗಿದೆ. ಚಾವಣಿಗೆ ಹೋಟೆಲಿಗೆಂದು ತಂದ ಬಿಳಿ ಒರಟು ಹತ್ತಿ ಬಟ್ಟೆ ಅಂಟಿಸಿದೆ.

ಸೀಟು ಮತ್ತೆ ಕೂರಿಸಿದ ದಿನ ಅತ್ತೆ ವಾಕರ್ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ನೋಡಲು ಬಂದರು. ಬಿದ್ದ ಮೇಲೆ ಅವರು ಆಸ್ಪತ್ರೆಗಲ್ಲದೆ ಬೇರೆ ಯಾವುದಕ್ಕೂ ಕೆಳಗಿಳಿದವರಲ್ಲ. "ಕೂತು ನೋಡ್ತೇನೆ," ಎಂದರು. ಕೂತರು. ಏಳಲು ಆಗಲಿಲ್ಲ. ಕಾರು ಅಷ್ಟು ತಗ್ಗು. ನಾನು, ವಾಚ್‌ಮನ್, ಕೊನೆಗೆ ತರಕಾರಿ ಗಾಡಿಯವನೂ ಸೇರಿ ಎಳೆದೆವು. ನಾನು ತಲೆಗೆ ಕೈ ಹೊತ್ತುಕೊಂಡೆ. ಹೀಗಾದರೆ ಇವರನ್ನು ಖಾರ್‌ಘರ್‌ಗೆ ಮುಟ್ಟಿಸುವುದು ಹೇಗೆ? ಹೋಟೆಲಿನ ಮುರಿದ ಬೆಂಚಿನ ಹಲಗೆ ತಂದು ಆ ಸೀಟಿನ ಅಡಿಗಿಟ್ಟು ಎತ್ತರ ಮಾಡಿದೆ. ಬಾಗಿಲ ಮೇಲೆ, ಲೋಕಲ್ ಟ್ರೇನಿನಲ್ಲಿ ಇರುತ್ತದಲ್ಲ, ಹಾಗೆ ಒಂದು ಹಿಡಿಕೆ ತೂಗುಹಾಕಿದೆ. ಎರಡು ದಿನ ಅಭ್ಯಾಸ ಮಾಡಿ ಅತ್ತೆ ತಾವೇ ಹತ್ತಿ ಇಳಿದರು.

ಅಲ್ಲಿಂದ ಸಂಜೆಯಾದರೆ ಅವರಿಗೆ ಕಾರೇ ಆಗಬೇಕು. ನಾನು ಡ್ಯಾಶ್‌ಬೋರ್ಡಿನ ಬಿರುಕಿಗೆ ಪುಟ್ಟಿ ಮೆತ್ತುತ್ತ ಸ್ಟೇರಿಂಗಿನ ಹಿಂದೆ, ಅವರು ಹಿಡಿಕೆ ಹಿಡಿದು ಪಕ್ಕದಲ್ಲಿ. ಎದುರಿಗೆ ನಮ್ಮದೇ ಕಟ್ಟಡದ ಗೋಡೆ. "ಕಲ್ಯಾಣ ಬಂತಾ?" ಎಂದು ಕೇಳುತ್ತಿದ್ದರು, ತಮಾಷೆಗೆ. "ಸಿಗ್ನಲ್ ಸಿಕ್ಕಿಲ್ಲ," ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಉರಿಯುತ್ತಿತ್ತು. ಮನೆಯಲ್ಲಾದರೆ ನಾಲ್ಕು ಕೋಣೆಯಾದರೂ ಇದ್ದವು, ಇಲ್ಲಿ ಮೊಣಕೈಗೆ ಮೊಣಕೈ. ಇನ್ನು ಸ್ವಲ್ಪ ದಿನ, ಇನ್ನು ಸ್ವಲ್ಪವೇ ದಿನ ಎಂದು ನನಗೆ ನಾನೇ ಹೇಳಿಕೊಂಡು ಮೆತ್ತುತ್ತಿದ್ದೆ.

ಮುಗಿಯಿತು. ಅಕ್ಕನಿಗೆ ಫೋನ್ ಮಾಡಿ, "ನಾಳೆ ಅವರನ್ನು ಬಿಟ್ಟು ನೇರ ನಿನ್ನಲ್ಲಿಗೆ ಬರ್ತೇನೆ, ಹಾಸಿಗೆ ಹಾಸಿಡು," ಎಂದೆ. ಅತ್ತೆ ಎರಡು ತಿಂಗಳಿಗೆ ಬೇಕಾದ ಸೀರೆ, ಮಂಡಿಯ ಎಣ್ಣೆ, ಮಗನಿಗೆಂದು ಉಪ್ಪಿನಕಾಯಿ ಎಲ್ಲ ಕಟ್ಟಿದರು. ಎರಡೇ ಸೀಟಿನ ಕಾರು, ಚೀಲ ನನ್ನ ಬೆನ್ನಿನ ಹಿಂದೆಯೇ ತುರುಕಿದೆ. ಬೆಳಿಗ್ಗೆ ಹೊರಟೆವು. ಶೀಲ್‌ಫಾಟಾದಲ್ಲಿ ಟ್ರಕ್ಕುಗಳ ನಡುವೆ ಕಾರು ಆಮೆಯ ಹಾಗೆ ತೆವಳಿತು. ಅತ್ತೆಗೆ ಅದೂ ಜಾತ್ರೆ. ಪ್ರತಿ ಬೋರ್ಡು ಓದಿದರು.

ಮೈದುನ ಟವರಿನ ಪಾರ್ಕಿಂಗಿಗೆ ಇಳಿದು ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಅತ್ತೆ ಕೂತ ಕಡೆಯ ಬಾಗಿಲು ತೆರೆದ. ನಗು ಹಾರಿಹೋಯಿತು.

"ಅತ್ತಿಗೆ, ಇದೆಂಥದು? ಲೆದರ್ ಎಲ್ಲಿ?"

"ಬಟ್ಟೆ ಅಂತ ಫೋನಿನಲ್ಲಿ ಹೇಳಿದ್ದೆನಲ್ಲ?"

"ಇದು ನಿನ್ನ ಮುಂಜಿಯ ಜಮಖಾನ, ಗುರ್ತ ಸಿಕ್ಕಿತಾ?" ಎಂದರು ಅತ್ತೆ.

"ಹೌದಾ ಅಮ್ಮ," ಎಂದ, ಅವರತ್ತ ನೋಡದೆ. "ಅತ್ತಿಗೆ, ಹೀಗೆ ಇದನ್ನು ನಾನು ಎಲ್ಲಿಗೆ ಒಯ್ಯಲಿ? ಜನ ನಗ್ತಾರೆ. ಒಂದ್ ಕೆಲ್ಸ ಮಾಡುವ. ಈಗ ವಾಪಸ್ ತಗೊಂಡು ಹೋಗಿ. ಆರಾಮಲ್ಲಿ ಲೆದರ್ ಹಾಕಿ ತನ್ನಿ. ಆಗ ಅಮ್ಮನೂ ಬರಲಿ."

"ಸೀಟಿಗೂ ಅಮ್ಮನಿಗೂ ಎಂಥ ಸಂಬಂಧ ಮಾರಾಯ?"

"ಎರಡೂ ಒಟ್ಟಿಗೆ ಅಂತ ಮಾತಾಗಿತ್ತಲ್ಲ ಅತ್ತಿಗೆ."

ನನಗೆ ಬಂದ ಸಿಟ್ಟಿಗೆ ಪಾರ್ಕಿಂಗಿನ ಕಂಬ ಬೀಳಬೇಕಿತ್ತು. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಫೋನ್ ನೋಡುತ್ತ ನಿಂತ. ತಾಯಿಯನ್ನು ಇಳಿ ಎನ್ನಲಿಲ್ಲ, ಒಂದು ಲೋಟ ನೀರು ಬೇಕಾ ಎನ್ನಲಿಲ್ಲ. ಅತ್ತೆ ಉಪ್ಪಿನಕಾಯಿ ಭರಣಿ ಅವನ ಕೈಗೆ ಕೊಟ್ಟು, ಬಾಗಿಲು ತಾವೇ ಎಳೆದುಕೊಂಡರು. "ಹೊರಡು," ಎಂದರು ನನಗೆ.

ಮತ್ತೆ ಅದೇ ಶೀಲ್‌ಫಾಟಾ. ಎಡಕ್ಕೆ ಟ್ಯಾಂಕರ್, ಬಲಕ್ಕೆ ಟ್ರಕ್ಕು, ಮುಂದೆ ಬಸ್ಸು. ಕಾರು ಒಂದು ಗೇಣು ಮುಂದೆ ಹೋಗದು. ಎರಡು ತಿಂಗಳ ಸೀರೆ ತುಂಬಿದ ಚೀಲ ನನ್ನ ಬೆನ್ನಿಗೆ ಒತ್ತುತ್ತಿತ್ತು. ಬಿಸಿಲಿಗೆ ಕಾದ ತಗಡಿನೊಳಗೆ ಕೂತು ನಾನು ಅತ್ತುಬಿಟ್ಟೆ. ಬಿಕ್ಕಿ ಬಿಕ್ಕಿ, ಪಕ್ಕದ ಟ್ರಕ್ಕಿನವನು ಬಗ್ಗಿ ನೋಡುವ ಹಾಗೆ.

"ಲೆದರ್ ಹಾಕಿಬಿಡುವ ಅತ್ತೆ," ಎಂದೆ ಮೂಗು ಒರೆಸಿಕೊಂಡು. "ನೀವು ಒಂದು ಸಲ ಹ್ಞೂಂ ಅನ್ನಿ."

"ಹಾಕಿದ್ರೆ ಅವನು ಬೇರೆ ಎಂಥಾದ್ರೂ ಹೇಳ್ತಾನೆ," ಎಂದರು ಅವರು. "ಅವನಿಗೆ ಬೇಡದ್ದು ಜಮಖಾನ ಅಲ್ಲ ಮಾರಾಯ್ತಿ. ನಾನು."

ಅವರು ಹಿಡಿಕೆ ಬಿಡದೆ ಬಸ್ಸಿನ ಬೆನ್ನು ನೋಡುತ್ತಿದ್ದರು.

"ನಿನಗೂ ಬೇಡ. ಗೊತ್ತುಂಟು ನನಗೆ. ಇಷ್ಟು ದಿನ ಗಂಟೆ ಬಾರಿಸಿದವಳಿಗೆ ಮೆಟ್ಟಿಲು ಹತ್ತಿ ಬರುವವಳ ಕಾಲಿನ ಸದ್ದು ಗೊತ್ತಾಗುದಿಲ್ವಾ?" ಸೀಟಿನ ಕೆಂಪು ಪಟ್ಟೆಯ ಮೇಲೆ ಒಮ್ಮೆ ಕೈ ಆಡಿಸಿದರು. "ಆದ್ರೂ ನೀನು ನಾನು ಕೂರುವ ಹಾಗೆ ಮಾಡಿದಿ."

ಬಸ್ಸು ಅಲ್ಲಾಡಿತು. ನಾನು ಗೇರ್ ಹಾಕಿದೆ. ಕಾಟಯಿ ನಾಕಾ ಬಂತು. ಡೊಂಬಿವಲಿಗೆ ಹೋಗುವ ದಾರಿ ಬಿಟ್ಟು, ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗಿಸಿದೆ.

"ಇದು ಮನೆಯ ದಾರಿ ಅಲ್ಲ ಅಲ್ವಾ?"

"ಅಲ್ಲ. ಬದಲಾಪುರಕ್ಕೆ, ನನ್ನ ಅಕ್ಕನ ಮನೆಗೆ."

"ಮತ್ತೆ ನಾನು?"

"ನಿಮ್ಮ ಚೀಲ ಉಂಟಲ್ಲ ಹಿಂದೆ."

ಅತ್ತೆ ಸೆರಗು ಸರಿ ಮಾಡಿಕೊಂಡು ಕೂತರು. ಯಾವಾಗ ವಾಪಸ್ ಎಂದು ಕೇಳಲಿಲ್ಲ.